ಬ್ಯಾರನ್ ದ್ವೀಪದಾಗ ಎರಡು ದಿನ ಇರಬಹುದೇನ್ರಿ?

ಪ್ರಶ್ನೆ: "ಬ್ಯಾಸಗಿ ಸೂಟ್ಯಾಗ ನಾವು ಗಂಡ-ಹೆಂಡತಿ ಇಬ್ಬರೇ ಗದ್ದಲ ಇಲ್ಲದ ಕಡೆ ಹೋಗಬೇಕಂತ ಮಾಡೀವ್ರಿ. ಅಂಡಮಾನದಾಗ ಜ್ವಾಲಾಮುಖಿ ಇರೋ ಬ್ಯಾರನ್ ದ್ವೀಪ ಅದ ಅಲ್ರಿ, ಅಲ್ಲಿ ಜನಾನೇ ಇಲ್ಲಂತ. ಎರಡು ದಿನ ಇದ್ದು ಬರಬಹುದೇನ್ರಿ?" (ಬೀದರ್‌ನ ಓದುಗರೊಬ್ಬರು)

ಇಲ್ಲರಿ. ಪ್ರವಾಸಿಗರಿಗೆ ಅಲ್ಲಿ ಉಳಿಯುವುದಿರಲಿ, ಇಳಿಯುವುದಕ್ಕೂ ಬಿಡುವುದಿಲ್ಲ. ಹಡಗಿನಲ್ಲಿ ಹೋಗಿ ದೂರದಿಂದ ನೋಡಿ ಮರಳಬೇಕು.

ಶ್ರೀ ವಿಜಯಪುರಂ, ಅಂದರೆ ಮೊನ್ನೆಯವರೆಗಿನ ಪೋರ್ಟ್ ಬ್ಲೇರ್‌ನಿಂದ ಸುಮಾರು 140 ಕಿ.ಮೀ. ಈಶಾನ್ಯಕ್ಕಿದೆ ಬ್ಯಾರನ್. ಭಾರತದ ಏಕೈಕ ಜೀವಂತ ಜ್ವಾಲಾಮುಖಿ ಇದು. ಮೊದಲ ಸ್ಫೋಟ ದಾಖಲಾದದ್ದು 1787ರಲ್ಲಿ. ಆಮೇಲೂ ಕೆಲವು ಸಲ ಸಿಡಿದು, ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಮಲಗಿತ್ತು. 1991ರಲ್ಲಿ ಎದ್ದದ್ದು ಈಗಲೂ ಆಗಾಗ ಉಗುಳುತ್ತಲೇ ಇದೆ. 2025ರ ಸೆಪ್ಟೆಂಬರ್‌ನಲ್ಲೂ ಉಗುಳಿತು. ನೀರಿನ ಮೇಲೆ ಕಾಣುವುದು ಮುನ್ನೂರೈವತ್ತು ಮೀಟರ್ ಎತ್ತರದ ಗುಡ್ಡ. ಅದರ ಬುಡ ಇರುವುದು ಎರಡು ಕಿಲೋಮೀಟರಿಗೂ ಆಳದ ಸಮುದ್ರತಳದಲ್ಲಿ. ಅಲ್ಲಿ ಮನೆ ಇಲ್ಲ, ಜೆಟ್ಟಿ ಇಲ್ಲ. ಹಿಂದೆ ಯಾರೋ ಬಿಟ್ಟುಹೋದ ಆಡುಗಳ ಸಂತತಿ ಮಾತ್ರ ಹೇಗೋ ಬದುಕಿಕೊಂಡಿದೆ.

ಇನ್ನು ನಿಮ್ಮ ಬ್ಯಾಸಗಿ ಸೂಟಿ. ನಮ್ಮಲ್ಲಿ ಬಿಸಿಲು 42 ಡಿಗ್ರಿ ದಾಟುವ ಮೇ ತಿಂಗಳಲ್ಲೇ ಮುಂಗಾರು ಕೇರಳಕ್ಕಿಂತ ಮೊದಲು ಅಂಡಮಾನ್ ಮುಟ್ಟುತ್ತದೆ. ಮೂರನೇ ವಾರದ ಹೊತ್ತಿಗೆ ಗಾಳಿ, ಅಲೆ ಎರಡೂ ಜೋರಾಗಿರುತ್ತವೆ. ಹಡಗಿನಿಂದಲಾದರೂ ನೋಡಲೇಬೇಕೆಂದರೆ ಜನವರಿಯಿಂದ ಏಪ್ರಿಲ್ ಒಳಗೆ ಹೋಗಿ. ಹೊರಡುವ ದಿನ ಸಮುದ್ರ ಒಪ್ಪದಿದ್ದರೆ ಕಾಯಲು ದಿನಗಳೂ ಕೈಯಲ್ಲಿರಲಿ.

ನಿಮಗೆ ಬೇಕಿರುವುದು ಬೆಂಕಿಯೋ, ನಿಶ್ಶಬ್ದವೋ? ಮೊದಲು ಅದನ್ನು ತೀರ್ಮಾನಿಸಿ. ಎರಡೂ ಒಂದೇ ಕಡೆ ಸುರಕ್ಷಿತವಾಗಿ ಸಿಗುವುದು ಅಪರೂಪ. ನ್ಯೂಜಿಲೆಂಡಿನ ವಕಾರಿ ದ್ವೀಪದಲ್ಲಿ 2019ರ ಡಿಸೆಂಬರ್ 9ರಂದು ಪ್ರವಾಸಿಗರು ಕುಳಿಯ ಬಳಿ ಇದ್ದಾಗಲೇ ಸ್ಫೋಟವಾಗಿ 22 ಜನ ಸತ್ತರು. ಅದೇ ವರ್ಷ ಜುಲೈನಲ್ಲಿ ಇಟಲಿಯ ಸ್ಟ್ರಾಂಬೋಲಿಯಲ್ಲಿ ಚಾರಣಿಗರೊಬ್ಬರು ತೀರಿಕೊಂಡರು. ಊರಿರುವ ದ್ವೀಪ ಅದು, ಉಳಿಯಬಹುದು. ಆದರೆ ಗುಡ್ಡ ಹತ್ತುವುದಕ್ಕೆ ಆಗಿನಿಂದ ಬಿಗಿ ಕಟ್ಟಳೆಗಳಿವೆ.

ಹಾಗಾಗಿ ನಾನು ಆರಿದ ಜ್ವಾಲಾಮುಖಿಯ ಕಡೆಯವನು. ಕಲಬುರಗಿಯ ತೊಗರಿ ಬೆಳೆಯುವ ಎರೆಮಣ್ಣು, ನಿಮ್ಮ ಬೀದರ್ ಕೋಟೆ ನಿಂತ ಕೆಂಪು ಜಂಬಿಟ್ಟಿಗೆ ಕಲ್ಲು, ಎರಡೂ ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ದಖ್ಖನ್ ಲಾವಾದಿಂದಲೇ ಆದದ್ದು. ನೌಬಾದಿನ ಸುರಂಗ ಬಾವಿ ನೋಡಿದ್ದೀರಲ್ಲ, ಆ ಜಂಬಿಟ್ಟಿಗೆ ನೀರು ಹಿಡಿದಿಟ್ಟುಕೊಂಡದ್ದರಿಂದಲೇ ಅದು ಸಾಧ್ಯವಾಯಿತು. ಲಾವಾ ಹಳೆಯದಾದಷ್ಟೂ ಮಣ್ಣಾಗುತ್ತದೆ, ಮನುಷ್ಯರಿಗೆ ಒಗ್ಗುತ್ತದೆ.

ಅಂಥ ಹಳೆಯ ಲಾವಾದ ದ್ವೀಪ ನಮ್ಮ ರಾಜ್ಯದಲ್ಲೇ ಇದೆ: ಮಲ್ಪೆ ಎದುರಿನ ಸೇಂಟ್ ಮೇರಿಸ್ ದ್ವೀಪಗಳು. ಮಡಗಾಸ್ಕರ್ ಭಾರತದಿಂದ ಬೇರೆಯಾಗುತ್ತಿದ್ದ ಕಾಲದ, ಸುಮಾರು 8.8 ಕೋಟಿ ವರ್ಷದ ಲಾವಾ ಆರುತ್ತ ಕುಗ್ಗಿ, ಬಿರುಕು ಬಿಟ್ಟು, ಆರು ಮೂಲೆಯ ಕಂಬಗಳಾಗಿ ನಿಂತಿದೆ. ಇಂಥ ಕಲ್ಲು ನೋಡಲು ಜನ ಉತ್ತರ ಐರ್ಲೆಂಡಿನವರೆಗೆ ಹೋಗುತ್ತಾರೆ. ರಾತ್ರಿ ಉಳಿಯಲು ಇಲ್ಲೂ ಅವಕಾಶವಿಲ್ಲ. ಮಳೆಗಾಲದಲ್ಲಿ ದೋಣಿ ಬಂದ್. ಭಾನುವಾರ ಹೋದರೆ ಜಾತ್ರೆ. ವಾರದ ನಡುವೆ, ಡಿಸೆಂಬರ್ ಅಥವಾ ಜನವರಿಯಲ್ಲಿ, ಮೊದಲ ದೋಣಿಗೇ ಹೊರಡಿ. ಮಲ್ಪೆಯಲ್ಲಿ ಕೋಣೆ ಮಾಡಿಕೊಂಡರೆ ಸಂಜೆಯೂ ಕಡಲು ಜೊತೆಗಿರುತ್ತದೆ.

ದುಡ್ಡು, ಸಮಯ ಎರಡೂ ಇದ್ದರೆ ನನ್ನ ಆಯ್ಕೆ ಪೋರ್ಚುಗಲ್‌ನ ಅಜೋರ್ಸ್ ದ್ವೀಪಸಮೂಹದ ಕೊರ್ವೊ. ಬರೀ 17 ಚದರ ಕಿ.ಮೀ., ಒಂದೇ ಊರು, ನಾನೂರರಷ್ಟು ಜನ. ಮೇಲೆ ಹಳೆಯ ಕುಳಿ, ಅದರೊಳಗೆ ಕೆರೆ, ದಂಡೆಯಲ್ಲಿ ದನ ಮೇಯುತ್ತವೆ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ಸಲ್ಲುವ ಷೆಂಗೆನ್ ವೀಸಾ ಬೇಕು. ಲಿಸ್ಬನ್‌ಗೆ ಹೋಗಿ ಅಲ್ಲಿಂದ ಸಣ್ಣ ವಿಮಾನಗಳನ್ನು ಬದಲಿಸಬೇಕು, ಇಲ್ಲವೇ ಪಕ್ಕದ ಫ್ಲೋರೆಸ್ ದ್ವೀಪದಿಂದ ದೋಣಿ. ಹವಾಮಾನ ಕೆಟ್ಟರೆ ಎರಡೂ ನಿಲ್ಲುತ್ತವೆ.

ದಕ್ಷಿಣ ಅಟ್ಲಾಂಟಿಕ್‌ನ ಟ್ರಿಸ್ಟಾನ್ ದ ಕುನ್ಹಾ ಬಗ್ಗೆ ಕೇಳಿ ಆಸೆಪಡುವವರೂ ಇದ್ದಾರೆ. ವಿಮಾನ ನಿಲ್ದಾಣವೇ ಇಲ್ಲ, ಕೇಪ್‌ಟೌನ್‌ನಿಂದ ಹಡಗಿನಲ್ಲಿ ವಾರದ ಹಾದಿ, ಹೋಗಲು ದ್ವೀಪದ ಮಂಡಳಿಯ ಒಪ್ಪಿಗೆ ಬೇಕು. 1961ರ ಸ್ಫೋಟಕ್ಕೆ ಊರಿಗೆ ಊರೇ ಇಂಗ್ಲೆಂಡಿಗೆ ಹೋಗಿ, ಎರಡು ವರ್ಷದಲ್ಲಿ ಬಹುತೇಕರು ಹಟ ಹಿಡಿದು ವಾಪಸ್ ಬಂದರು. ಆ ಜನರ ಮೇಲೆ ನನಗೆ ಬಹಳ ಗೌರವ. ಆದರೆ ಸೂಟಿಗೆ ಹೋಗುವ ಜಾಗ ಅದಲ್ಲ.

ಯಾವ ದ್ವೀಪಕ್ಕೇ ಹೋಗಿ, ವಾಪಸಿನ ಟಿಕೆಟ್ಟಿಗೂ ಡ್ಯೂಟಿಗೆ ಹಾಜರಾಗುವ ದಿನಕ್ಕೂ ನಡುವೆ ಮೂರು ದಿನ ಖಾಲಿ ಬಿಡಿ. ಬಿ.ಪಿ., ಶುಗರ್ ಮಾತ್ರೆ ಇದ್ದರೆ ವಾರದಷ್ಟು ಹೆಚ್ಚಿಗೆ ಕಟ್ಟಿಕೊಳ್ಳಿ. ಈ ಸಲ ಸೇಂಟ್ ಮೇರಿಸ್ ಮುಗಿಸಿ, ಪಾಸ್‌ಪೋರ್ಟಿಗೆ ಈಗಲೇ ಅರ್ಜಿ ಹಾಕಿಡಿ.