ಜಿಇಆರ್ ಅಂದರೆ ಏನು? ನೂರಕ್ಕೆ 36 ಅನ್ನೋ ಲೆಕ್ಕದ ಒಳಗೆ

ಸಕಲೇಶಪುರದ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಲ್ಯಾಮಿನೇಷನ್ ಮಿಷಿನ್. ಪಿಯುಸಿ ರಿಸಲ್ಟ್ ಬಂದ ಮೇಲೆ ಎರಡು ತಿಂಗಳು ಊಟಕ್ಕೂ ಪುರುಸೊತ್ತಿರುವುದಿಲ್ಲ. ಡಿಗ್ರಿ ಅಡ್ಮಿಷನ್ ಅರ್ಜಿ, ಸ್ಕಾಲರ್‌ಶಿಪ್ ಅರ್ಜಿ, ಹಾಸ್ಟೆಲ್ ಅರ್ಜಿ, ಬಸ್ ಪಾಸ್. ಮಳೆಯಲ್ಲಿ ನೆನೆದ ಮಾರ್ಕ್ಸ್ ಕಾರ್ಡನ್ನು ಫ್ಯಾನಿನ ಕೆಳಗೆ ಒಣಗಿಸಿ ಸ್ಕ್ಯಾನ್ ಮಾಡುವುದೂ ನಮ್ಮ ಕೆಲಸವೇ.

ಕರೆಂಟ್ ಹೋದಾಗ ಮಾತ್ರ ಸ್ವಲ್ಪ ಬಿಡುವು. ಅಂಥ ಒಂದು ಮಧ್ಯಾಹ್ನ ಅಂಗಡಿ ಬೆಂಚಿನ ಮೇಲೆ ಪೇಪರ್ ಓದುತ್ತಾ ಕೂತಿದ್ದ ರಿಟೈರ್ಡ್ ಮೇಷ್ಟ್ರೊಬ್ಬರು ಕನ್ನಡಕ ಮೇಲೆತ್ತಿ ಕೇಳಿದರು: ‘ಏನಯ್ಯಾ ಇದು ಜಿಇಆರ್? ಕರ್ನಾಟಕದ್ದು 36 ಅಂತೆ. ಹಂಗಾದ್ರೆ ಮಿಕ್ಕ 64 ಮಕ್ಳು ಕಾಲೇಜಿನ ಮೆಟ್ಲೇ ಹತ್ತಿಲ್ವಾ?’

ಹಾಗಲ್ಲ. ಆದರೆ ಜಾಸ್ತಿ ಜನ ಹಾಗೇ ಓದಿಕೊಳ್ಳುತ್ತಾರೆ. ಪೇಪರಿನವರೂ ಹಾಗೇ ಬರೆಯುತ್ತಾರೆ.

ಜಿಇಆರ್ ಅಂದರೆ ಗ್ರಾಸ್ ಎನ್‌ರೋಲ್‌ಮೆಂಟ್ ರೇಶಿಯೊ. ಕನ್ನಡದಲ್ಲಿ ‘ಒಟ್ಟು ದಾಖಲಾತಿ ಅನುಪಾತ’ ಅನ್ನುತ್ತಾರೆ. ಲೆಕ್ಕ ಬಹಳ ಸಣ್ಣದು. ಪಿಯುಸಿ ದಾಟಿದ ಓದಿನಲ್ಲಿ ಈ ವರ್ಷ ಹೆಸರು ಇರುವವರೆಲ್ಲ ಎಷ್ಟು ಜನ ಅಂತ ಎಣಿಸಿ. ಅದನ್ನು 18ರಿಂದ 23 ವಯಸ್ಸಿನವರ ಒಟ್ಟು ಸಂಖ್ಯೆಯಿಂದ ಭಾಗಿಸಿ. ನೂರರಿಂದ ಗುಣಿಸಿ. ಅಷ್ಟೇ. ಕೇಂದ್ರ ಶಿಕ್ಷಣ ಸಚಿವಾಲಯ 2010-11ರಿಂದ ನಡೆಸುತ್ತಿರುವ ಉನ್ನತ ಶಿಕ್ಷಣ ಸಮೀಕ್ಷೆಯಿಂದ ಈ ಅಂಕಿ ಬರುತ್ತದೆ. ಅದರ ಹೆಸರು ‘ಐಶೆ’. 2021-22ರ ಸಮೀಕ್ಷೆಯ ಪ್ರಕಾರ ದೇಶದ ಜಿಇಆರ್ 28.4, ಕರ್ನಾಟಕದ್ದು 36.2, ತಮಿಳುನಾಡಿನದು 47. ಇಡೀ ದೇಶದಲ್ಲಿ ಹುಡುಗಿಯರದು 28.5, ಹುಡುಗರದು 28.3. ಕೂದಲೆಳೆಯಷ್ಟಾದರೂ ಹುಡುಗಿಯರೇ ಮುಂದೆ. ಪರಿಶಿಷ್ಟ ಪಂಗಡದವರದು ಮಾತ್ರ ಇನ್ನೂ 21.2.

ತಲೆ ಕೆಡಿಸುವುದು ‘ಒಟ್ಟು’ ಅನ್ನುವ ಪದ. ಮೇಲಿನ ಸಂಖ್ಯೆಗೆ ವಯಸ್ಸಿನ ಕಟ್ಟಿಲ್ಲ, ಕೆಳಗಿನದಕ್ಕೆ ಇದೆ. ಹದಿನೇಳಕ್ಕೇ ಬಿಕಾಂ ಸೇರಿದ ಹುಡುಗಿ ಮೇಲಿನ ಲೆಕ್ಕದಲ್ಲಿ ಇದ್ದಾಳೆ, ಕೆಳಗಿನದರಲ್ಲಿ ಇಲ್ಲ. ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ನಲವತ್ತರ ವಯಸ್ಸಿನಲ್ಲಿ ಎಂಎ ಕಟ್ಟಿದ ಅಂಗನವಾಡಿ ಟೀಚರ್ ಕೂಡ ಹಾಗೇ. ಇಂಥವರನ್ನೆಲ್ಲ ಬಿಟ್ಟು, ವಯಸ್ಸು ನೋಡಿಯೇ ಎಣಿಸುವ ಇನ್ನೊಂದು ಲೆಕ್ಕವೂ ಇದೆ. ಅದಕ್ಕೆ ‘ನಿವ್ವಳ’ ದಾಖಲಾತಿ ಅನುಪಾತ ಅಂತ ಹೆಸರು. ಕಾಫಿ ತೂಗುವಾಗ ಚೀಲದ ತೂಕ ಸೇರಿಸಿ ಒಂದು, ಕಳೆದು ಒಂದು ಬರೆಯುತ್ತಾರಲ್ಲ, ಸುಮಾರಾಗಿ ಅದೇ ವ್ಯತ್ಯಾಸ.

ಈಗ ಮೇಷ್ಟ್ರ 64ರ ವಿಷಯ. ಇದು ನನಗೂ ತಡವಾಗಿ ಹೊಳೆದದ್ದು. 18ರಿಂದ 23 ಅಂದರೆ ಆರು ವಯಸ್ಸು. ಡಿಗ್ರಿಗೆ ಬೇಕಾಗುವುದು ಮೂರು ವರ್ಷ. ಒಂದು ಊರು ಇದೆ ಅಂದುಕೊಳ್ಳಿ. ಪ್ರತಿ ವಯಸ್ಸಿಗೂ ನೂರು ಮಕ್ಕಳು, ಒಟ್ಟು ಆರುನೂರು. ಒಬ್ಬರೂ ಬಿಡದ ಹಾಗೆ ಎಲ್ಲರೂ ಹದಿನೆಂಟಕ್ಕೆ ಡಿಗ್ರಿ ಸೇರುತ್ತಾರೆ. ಎಲ್ಲರೂ ಮೂರು ವರ್ಷಕ್ಕೆ ಪಾಸಾಗಿ ಕೆಲಸಕ್ಕೆ ಹೋಗುತ್ತಾರೆ. ಇಂಥ ಚಿನ್ನದಂಥ ಊರಿನ ಜಿಇಆರ್ ಎಷ್ಟು? ಯಾವ ದಿನ ಎಣಿಸಿದರೂ ಕಾಲೇಜಿನಲ್ಲಿ ಇರುವುದು ಮುನ್ನೂರೇ ಜನ. ಆರುನೂರಕ್ಕೆ ಮುನ್ನೂರು. ಜಿಇಆರ್ 50!

ಅಂದರೆ 36 ಅಂದಾಗ ಕಾಲೇಜು ಕಾಣದವರು 64 ಜನ ಅಲ್ಲ. ಆ 64ರಲ್ಲಿ ಆಗಲೇ ಡಿಗ್ರಿ ಮುಗಿಸಿ ಬೆಂಗಳೂರು ಸೇರಿದ 22ರ ಹುಡುಗಿಯೂ ಇದ್ದಾಳೆ. ಪಿಯುಸಿ ಫೇಲಾಗಿ ಟಿಂಬರ್ ಲಾರಿ ಹತ್ತಿದವನೂ ಇದ್ದಾನೆ. ಒಂದು ವರ್ಷ ಓದಿ ಬಿಟ್ಟವನೂ ಇದ್ದಾನೆ. ಜಿಇಆರ್‌ಗೆ ಮೂವರೂ ಒಂದೇ.

ಇನ್ನೊಂದು ತಮಾಷೆ ಕೇಳಿ. ಆ ಊರಿನಲ್ಲಿ ಡಿಗ್ರಿಯನ್ನು ಮೂರರ ಬದಲು ನಾಲ್ಕು ವರ್ಷ ಮಾಡಿದರೆ ಜಿಇಆರ್ 50ರಿಂದ ಸುಮಾರು 67ಕ್ಕೆ ಜಿಗಿಯುತ್ತದೆ. ಹೊಸದಾಗಿ ಒಂದು ಮಗುವೂ ಸೇರಿಲ್ಲ. ಫೇಲಾಗಿ ಅದೇ ಕ್ಲಾಸಿನಲ್ಲಿ ಮತ್ತೆ ಕೂತರೂ ಅನುಪಾತ ಏರುತ್ತದೆ. ಇದು ಬರೀ ಲೆಕ್ಕದ ಆಟ ಅಂತ ತಳ್ಳಿಹಾಕಬೇಡಿ. ನಮ್ಮ ರಾಜ್ಯದಲ್ಲೇ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಬಂತು. 2024-25ರಿಂದ ಮತ್ತೆ ಮೂರು ವರ್ಷಕ್ಕೆ ವಾಪಸ್. ಅರ್ಜಿ ತುಂಬುವಾಗ ‘ಆನರ್ಸ್ ಅಂದ್ರೇನಣ್ಣಾ’ ಅಂತ ಕೇಳಿದವರಿಗೆ ‘ನಾಲ್ಕನೇ ವರ್ಷವೂ ಓದಿದ್ರೆ ಸಿಗೋ ಪದವಿ’ ಅಂತ ಹೇಳಿ ಹೇಳಿ ನನಗೆ ಬಾಯಿಪಾಠ ಆಗುವಷ್ಟರಲ್ಲಿ ಆ ಕಾಲಮ್ಮೇ ಹೋಯಿತು.

ಭಾಗಿಸುವ ಸಂಖ್ಯೆಯ ಕಥೆಯೂ ಇದೆ. 18ರಿಂದ 23ರವರು ಎಷ್ಟು ಜನ ಅಂತ ಪ್ರತಿವರ್ಷ ಯಾರೂ ಮನೆಮನೆಗೆ ಹೋಗಿ ಎಣಿಸುವುದಿಲ್ಲ. ಹಳೆಯ ಜನಗಣತಿ ಇಟ್ಟುಕೊಂಡು ಅಂದಾಜು ಮಾಡುತ್ತಾರೆ. 2019-20ರ ಜಿಇಆರ್ ಮೊದಲು 27.1 ಅಂತ ಬಂತು. ಆಮೇಲೆ 2011ರ ಜನಗಣತಿಯ ಅಂದಾಜಿಗೆ ಬದಲಾಯಿಸಿದಾಗ ಅದೇ ವರ್ಷದ ಅಂಕಿ 25.6 ಆಯಿತು. ಒಬ್ಬ ವಿದ್ಯಾರ್ಥಿಯೂ ಕಾಲೇಜು ಬಿಡದೆಯೇ ಒಂದೂವರೆ ಅಂಶ ಕರಗಿತು. ಹಾಗಾಗಿ ಬೇರೆ ಬೇರೆ ವರ್ಷದ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಚಪ್ಪಾಳೆ ತಟ್ಟುವ ಮೊದಲು ಎರಡೂ ಒಂದೇ ಅಳತೆಯವಾ ಅಂತ ನೋಡಬೇಕು.

ಇಷ್ಟೆಲ್ಲ ಇದ್ದರೂ ಸರ್ಕಾರಗಳು ಜಿಇಆರ್ ಹಿಂದೆ ಯಾಕೆ ಬೀಳುತ್ತವೆ? ಎಣಿಸುವುದು ಸುಲಭ, ಅದಕ್ಕೆ. ರಾಜ್ಯಗಳ ಉನ್ನತ ಶಿಕ್ಷಣಕ್ಕೆ ಹಣ ಕೊಡಲು ಕೇಂದ್ರ 2013ರಲ್ಲಿ ಶುರು ಮಾಡಿದ ‘ರೂಸಾ’ ಯೋಜನೆ 2020ಕ್ಕೆ 30 ಮುಟ್ಟಬೇಕು ಅಂದಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 26.3ರಿಂದ ಹೊರಟು 2035ಕ್ಕೆ 50 ಅಂತ ಗುರಿ ಇಟ್ಟಿದೆ, ವೃತ್ತಿಶಿಕ್ಷಣವೂ ಸೇರಿ. ಆ 26.3 ಹಳೆಯ ಅಳತೆಯದು ಅನ್ನುವುದು ನೆನಪಿರಲಿ. ಕಾಲೇಜುಗಳ ಗುಣಮಟ್ಟ ನೋಡೋಕೆ ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇರುವ ನ್ಯಾಕ್ ಇದೆ, 1994ರಿಂದ. ಅದರ ಗ್ರೇಡಿನ ಕಥೆ ಬೇರೆಯೇ ಒಂದು ಪುರಾಣ, ಇಲ್ಲಿ ಬೇಡ.

ಸೇರುವುದಕ್ಕೆ ನಮ್ಮ ಜಿಲ್ಲೆಯಲ್ಲಿ ಮೊದಲಿನಷ್ಟು ಕಷ್ಟ ಇಲ್ಲ, ನಿಜ. ಅದೇ ಸಮೀಕ್ಷೆಯಲ್ಲಿ 18ರಿಂದ 23 ವಯಸ್ಸಿನ ಪ್ರತಿ ಲಕ್ಷ ಜನರಿಗೆ ಕರ್ನಾಟಕದಲ್ಲಿ 66 ಕಾಲೇಜು. ದೇಶದ ಸರಾಸರಿ 30. ಹಾಸನದ ಹೇಮಗಂಗೋತ್ರಿ ಕ್ಯಾಂಪಸ್ಸಿನಲ್ಲಿ ಹಾಸನ ವಿಶ್ವವಿದ್ಯಾಲಯ ಅಂತಲೇ ಶುರುವಾಯಿತು. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಬಸ್ ಫ್ರೀ. ಬಸ್ ಪಾಸಿಗೆ ಅಂತ ಅಂಗಡಿಗೆ ಬರುವವರಲ್ಲಿ ಈಗ ಹುಡುಗರೇ ಜಾಸ್ತಿ.

ಸೇರಿದವರು ಮುಗಿಸುತ್ತಾರಾ ಅನ್ನುವುದಕ್ಕೆ ಬೇರೆಯೇ ಅಳತೆ ಬೇಕು. ಪೂರೈಸುವ ದರ ಅನ್ನಬಹುದು. ಅಮೆರಿಕದಲ್ಲಿ ಇದಕ್ಕೆ 1990ರ ಕಾನೂನೇ ಇದೆ. ಒಂದು ವರ್ಷ ಹೊಸದಾಗಿ ಸೇರಿದ ಬ್ಯಾಚನ್ನು ಹಿಡಿದುಕೊಂಡು, ಕೋರ್ಸಿನ ಅವಧಿಯ ಒಂದೂವರೆ ಪಟ್ಟು ಸಮಯದೊಳಗೆ ಎಷ್ಟು ಜನ ಮುಗಿಸಿದರು ಅಂತ ಕಾಲೇಜು ಹೇಳಬೇಕು. ನಾಲ್ಕು ವರ್ಷದ ಪದವಿಗೆ ಆರು ವರ್ಷ. ಅಲ್ಲಿನ ಲೆಕ್ಕಕ್ಕೂ ಬೈಯುವವರು ಇದ್ದಾರೆ, ಅರ್ಧದಲ್ಲಿ ಕಾಲೇಜು ಬದಲಾಯಿಸಿದವರು ಅದರಲ್ಲಿ ಕಳೆದುಹೋಗುತ್ತಾರೆ ಅಂತ. ಆದರೂ ಆ ಪ್ರಶ್ನೆ ನನಗೆ ಇಷ್ಟ. ಸೇರಿದ ಅದೇ ಮಕ್ಕಳು ಎಲ್ಲಿಗೆ ಮುಟ್ಟಿದರು? ನಮ್ಮ ಸಮೀಕ್ಷೆಯಲ್ಲಿ ವರ್ಷಕ್ಕೆ ಎಷ್ಟು ಜನ ಪಾಸಾದರು ಅಂತ ಇರುತ್ತದೆ. ಜಿಇಆರ್‌ನಲ್ಲಿ ಮಾತ್ರ, ಬಿಟ್ಟು ಹೋದವನ ಜಾಗಕ್ಕೆ ಮುಂದಿನ ವರ್ಷ ಹೊಸಬ ಬಂದು ಕೂತರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ನಮ್ಮ ಕಡೆ ಬಿಡುವವರು ಒಂದೇ ದಿನಕ್ಕೆ ಬಿಡುವುದಿಲ್ಲ. ಕಾಫಿ ಕುಯ್ಲಿನಲ್ಲಿ ಎರಡು ವಾರ ಕ್ಲಾಸ್ ತಪ್ಪುತ್ತದೆ. ದಿನಗೂಲಿ ಕೈಗೆ ಬರುವ ಕಾಲ, ಮನೆಯವರನ್ನೂ ಬೈಯುವ ಹಾಗಿಲ್ಲ. ಅಟೆಂಡೆನ್ಸ್ ಕಡಿಮೆ ಆಗುತ್ತದೆ. ಒಂದು ಸಬ್ಜೆಕ್ಟ್ ಬಾಕಿ ಉಳಿಯುತ್ತದೆ, ಆಮೇಲೆ ಎರಡು. ಸ್ಕಾಲರ್‌ಶಿಪ್ ಬ್ಯಾಂಕಿಗೆ ಬರುವಷ್ಟರಲ್ಲಿ ಹಾಸನದ ರೂಮಿನ ಬಾಡಿಗೆ ಮೂರು ತಿಂಗಳದ್ದು ಬಾಕಿ.

ಹೆತ್ತೂರು ಕಡೆಯ ಒಬ್ಬ ಹುಡುಗ, ತೋಟದ ಕೂಲಿಯವರ ಲೈನ್ ಮನೆಯವನು, 2022ರಲ್ಲಿ ಅಮ್ಮನ ಜೊತೆ ಬಂದಿದ್ದ. ಬಿಎಗೆ ಅರ್ಜಿ ಹಾಕಿದ್ದು ನಾನೇ. ಓಟಿಪಿ ಬರುವ ಫೋನ್ ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಇತ್ತು. ಅವರಿಗೆ ಫೋನ್ ಮಾಡಿ, ನಂಬರ್ ಕೇಳಿ, ಟೈಪ್ ಮಾಡುವಷ್ಟರಲ್ಲಿ ಟೈಮ್ ಮುಗಿದು ಮೂರು ಸಲ ಮತ್ತೆ ಶುರು ಮಾಡಿದ್ದೆವು. ಅರ್ಜಿ ಹೋದಾಗ ಅವನಮ್ಮ ಪ್ರಿಂಟನ್ನು ಸೆರಗಿನಲ್ಲಿ ಒರೆಸಿ ಕವರಿಗೆ ಹಾಕಿಕೊಂಡಿದ್ದರು. ಆ ವರ್ಷ ಜಿಇಆರ್ ಲೆಕ್ಕದಲ್ಲಿ ಅವನು ಇದ್ದ. ಮುಂದಿನ ವರ್ಷವೂ ಇದ್ದ.

ಹೋದ ತಿಂಗಳು ಒಬ್ಬನೇ ಬಂದ. ಹಾಸನದಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಬಯೋಡೇಟಾ ಬೇಕಂತೆ. ಹೆಸರು, ವಿಳಾಸ, ಹುಟ್ಟಿದ ತಾರೀಖು ಟೈಪ್ ಮಾಡಿದೆ. ವಿದ್ಯಾರ್ಹತೆ ಅನ್ನುವ ಜಾಗಕ್ಕೆ ಬಂದು ಅವನ ಮುಖ ನೋಡಿದೆ. ಮೂರು ಸೆಮಿಸ್ಟರ್ ಓದಿದ್ದಾನೆ. ಅವನ ಬ್ಯಾಚಿಗೆ ಒಂದು ವರ್ಷ ಮುಗಿಸಿ ಹೊರಬಂದರೆ ಸರ್ಟಿಫಿಕೇಟ್ ಅಂತ ನಿಯಮ ಇತ್ತು. ಅದಕ್ಕೂ ಮೊದಲ ವರ್ಷದ ಎಲ್ಲ ಸಬ್ಜೆಕ್ಟ್ ಪಾಸಾಗಿರಬೇಕು. ಇವನದು ಎರಡು ಬಾಕಿ.

‘ಏನ್ ಹಾಕ್ಲಿ?’ ಅಂದೆ.

ಅವನು ಸ್ವಲ್ಪ ಹೊತ್ತು ಸ್ಕ್ರೀನ್ ನೋಡಿದ. ‘ಡಿಗ್ರಿ ಅಂತ ಹಾಕಿದ್ರೆ ಮಾರ್ಕ್ಸ್ ಕಾರ್ಡ್ ಕೇಳ್ತಾರೆ ಅಣ್ಣ’ ಅಂದ. ‘ಪಿಯುಸಿ ಅಂತ್ಲೇ ಹಾಕಿ.’

ಹಾಗೇ ಹಾಕಿದೆ. ಎರಡು ಕಾಪಿ, ಇಪ್ಪತ್ತು ರೂಪಾಯಿ.