ರೋಮಕೋಶ: ಕಿವಿಯೊಳಗಿನ ನೂಲು ಮತ್ತು ಬಾಗಿಲು

ರೋಮಕೋಶ ಅಂದ ಕೂಡಲೇ ಕಿವಿಯ ತೂತಿನಲ್ಲಿ ಬೆಳೆಯುವ ಕೂದಲು ನೆನಪಾಗುತ್ತದೆ, ಅಲ್ವಾ? ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡಿರುವ ಕಾಕ್ಲಿಯಾ ಇದೆ. ಒಂದು ಕಿವಿಯ ಕಾಕ್ಲಿಯಾದಲ್ಲಿ ಸದ್ದನ್ನು ಹಿಡಿಯುವ ಸುಮಾರು 15,000 ರೋಮಕೋಶಗಳು ಸಾಲಾಗಿ ನಿಂತಿರುತ್ತವೆ. ಒಂದೊಂದರ ನೆತ್ತಿಯ ಮೇಲೂ ಸಣ್ಣ ಸಣ್ಣ ಕಡ್ಡಿಗಳ ಗೊಂಚಲು. ಇವಕ್ಕೇ ರೋಮ ಎಂಬ ಹೆಸರು ಬಿದ್ದಿದೆ. ಆದರೆ ಇವು ಕೂದಲಿನ ಹಾಗೆ ಬಳುಕುವುದಿಲ್ಲ. ಒಳಗೆಲ್ಲ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಒತ್ತಾಗಿ ತುಂಬಿವೆ. ಅದಕ್ಕೇ ಸೆಟೆದು ನಿಂತಿರುತ್ತವೆ, ತಳ್ಳಿದರೆ ಬುಡದಿಂದ ವಾಲುತ್ತವೆ.

ಕಡ್ಡಿಗಳೆಲ್ಲ ಒಂದೇ ಎತ್ತರ ಇಲ್ಲ. ಮೆಟ್ಟಿಲಿನಂತೆ ಗಿಡ್ಡದ ಹಿಂದೆ ಉದ್ದ, ಅದರ ಹಿಂದೆ ಇನ್ನೂ ಉದ್ದ. ಗಿಡ್ಡ ಕಡ್ಡಿಯ ತುದಿಯಿಂದ ಹಿಂದಿನ ಉದ್ದ ಕಡ್ಡಿಯ ಮೈಗೆ ಒಂದು ನೂಲು ಕಟ್ಟಿದಂತಿದೆ. ಇದರ ಹೆಸರು ಟಿಪ್ ಲಿಂಕ್. 1984ರಲ್ಲಿ ವಿಜ್ಞಾನಿ ಪಿಕಲ್ಸ್ ಮತ್ತು ಅವರ ಸಂಗಡಿಗರು ಇದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ವಿವರಿಸಿದರು. ಇಡೀ ಕಿವಿಯಲ್ಲಿ ನನಗೆ ಬಹಳ ಇಷ್ಟವಾದ ಭಾಗ ಈ ನೂಲು.

ಸದ್ದು ಬಂದಾಗ ಒಳಕಿವಿಯ ದ್ರವ ಅಲುಗಿ, ಗೊಂಚಲು ಉದ್ದ ಕಡ್ಡಿಯ ಕಡೆಗೆ ವಾಲುತ್ತದೆ. ನೂಲು ಬಿಗಿಯುತ್ತದೆ. ಅದರ ಕೆಳತುದಿಯಲ್ಲಿ ಒಂದು ಪುಟ್ಟ ಬಾಗಿಲಿದೆ, ನೂಲು ಎಳೆದಾಗ ಅದು ತೆರೆಯುತ್ತದೆ. ಸುತ್ತಲಿನ ದ್ರವದಲ್ಲಿ ಪೊಟ್ಯಾಸಿಯಂ ಜಾಸ್ತಿ. ಅದು ಒಳಗೆ ನುಗ್ಗಿ ಕೋಶದ ವಿದ್ಯುತ್ ಮಟ್ಟ ಬದಲಾಗುತ್ತದೆ, ನರಕ್ಕೆ ಸುದ್ದಿ ಮುಟ್ಟುತ್ತದೆ. ಗೊಂಚಲು ಗಿಡ್ಡ ಕಡ್ಡಿಯ ಕಡೆಗೆ ವಾಲಿದರೆ ನೂಲು ಸಡಿಲ, ಬಾಗಿಲು ಬಂದ್.

ಕಣ್ಣಿನಲ್ಲಾದರೆ ಬೆಳಕು ಬಿದ್ದ ಮೇಲೆ ಒಂದರ ಹಿಂದೊಂದು ರಾಸಾಯನಿಕ ಕ್ರಿಯೆಗಳು ನಡೆಯಬೇಕು. ಇಲ್ಲಿ ನಡುವೆ ಯಾರೂ ಇಲ್ಲ. ನೂಲು ಎಳೆಯಿತು, ಬಾಗಿಲು ತೆರೆಯಿತು, ಅಷ್ಟೇ. ಸೆಕೆಂಡಿಗೆ ಸಾವಿರಾರು ಸಲ ಅದುರುವ ಸದ್ದನ್ನು ಹಿಡಿಯಲು ಇಷ್ಟು ನೇರವಾದ ದಾರಿಯೇ ಬೇಕು. ತೀರಾ ಮೆಲ್ಲನೆಯ ಸದ್ದಿಗೆ ಗೊಂಚಲು ವಾಲುವುದು ಒಂದು ನ್ಯಾನೋಮೀಟರಿನ ಆಸುಪಾಸು ಮಾತ್ರ!

ರೋಮಕೋಶಗಳಲ್ಲಿ ಎರಡು ಬಗೆ. ಒಳಸಾಲಿನ ಸುಮಾರು 3,500 ಕೋಶಗಳು ಮೆದುಳಿಗೆ ಸುದ್ದಿ ಕಳಿಸುತ್ತವೆ. ಹೊರಗಿನ ಮೂರು ಸಾಲುಗಳದ್ದು ಬೇರೆ ಕೆಲಸ. ಅವು ವಿದ್ಯುತ್ತಿಗೆ ತಕ್ಕಂತೆ ಕುಗ್ಗುತ್ತವೆ, ಹಿಗ್ಗುತ್ತವೆ, ಸಣ್ಣ ಸದ್ದಿಗೆ ಬಲ ಕೊಡುತ್ತವೆ. ಈ ಕುಣಿತದಿಂದ ಕಿವಿಯೇ ಮೆಲ್ಲನೆ ಸದ್ದು ಮಾಡುತ್ತದೆ! ವಿಜ್ಞಾನಿ ಡೇವಿಡ್ ಕೆಂಪ್ 1978ರಲ್ಲಿ ಅದನ್ನು ಮೈಕ್‌ನಲ್ಲಿ ಹಿಡಿದು ತೋರಿಸಿದರು. ಈಗ ಹುಟ್ಟಿದ ಮಗುವಿನ ಕಿವಿಗೆ ಪುಟ್ಟ ಪ್ರೋಬ್ ಇಟ್ಟು ಪರೀಕ್ಷಿಸುತ್ತಾರಲ್ಲ, ಅಲ್ಲಿ ಕಾಯುವುದು ಈ ಮರುಸದ್ದಿಗಾಗಿಯೇ. ಮಗು ನಿದ್ದೆಯಲ್ಲಿದ್ದರೆ ಇನ್ನೂ ಒಳ್ಳೆಯದು.

ಮೆರವಣಿಗೆಯ ಡಿಜೆ ಪಕ್ಕ ಗಂಟೆಗಟ್ಟಲೆ ನಿಂತರೆ ಏಟು ಬೀಳುವುದು ಇಲ್ಲಿಗೇ, ಅದರಲ್ಲೂ ಹೊರಸಾಲುಗಳಿಗೆ ಮೊದಲು. ಹರಿದ ನೂಲು ಮತ್ತೆ ಕೂಡಿಕೊಳ್ಳಬಲ್ಲದು. ಕೋಶವೇ ಸತ್ತರೆ ಕಥೆ ಬೇರೆ. ಕೋಳಿಯ ಕಿವಿಯಲ್ಲಿ ಸತ್ತ ರೋಮಕೋಶದ ಜಾಗಕ್ಕೆ ಪಕ್ಕದ ಆಸರೆ ಕೋಶಗಳಿಂದ ಹೊಸದು ಬರುತ್ತದೆ ಎಂದು 1980ರ ದಶಕದಲ್ಲಿ ಗೊತ್ತಾಯಿತು. ನಮ್ಮ ಕಾಕ್ಲಿಯಾದಲ್ಲಿ ಹಾಗೆ ಬರುವುದಿಲ್ಲ. ಹುಟ್ಟುವಾಗ ತಂದದ್ದಷ್ಟೇ.