ಪದ ಪರಿಚಯ: ಖಾತ್ರಿ ಅಂದ್ರೆ ಏನ್ರೀ?

ನಮ್ಮ ಬೆಳಗಾವಿ ಕಡೆ ಯಾರಿಗಾದರೂ ಒಂದು ಸುದ್ದಿ ಹೇಳಿ ನೋಡಿ. ಎರಡು ಪ್ರಶ್ನೆ ಬಂದೇ ಬರುತ್ತವೆ. ಮೊದಲನೆಯದು 'ಖರೇ ಏನು?'. ಎರಡನೆಯದು, ಒಂದು ಗುಟುಕು ಚಹಾ ಒಳಗೆ ಹೋದ ಮೇಲೆ, 'ಖಾತ್ರಿ ಐತೇನು?'. ಕೇಳಿದವರಿಗೆ ಎರಡೂ ಒಂದೇ ಅನ್ನಿಸಬಹುದು, ಆದರೆ ಒಂದೇ ಅಲ್ಲ. 'ನೀ ಹೇಳೂದು ಖರೇ ಇರಬೇಕು, ಆದ್ರ ನನಗ ಖಾತ್ರಿ ಇಲ್ಲ' ಅಂತ ನಮ್ಮಲ್ಲಿ ದಿನಾ ಯಾರೋ ಒಬ್ಬರು ಇನ್ನೊಬ್ಬರಿಗೆ ಹೇಳುತ್ತಲೇ ಇರುತ್ತಾರೆ. ಅದರಲ್ಲಿ ಯಾರಿಗೂ ವಿರೋಧ ಕಾಣಲ್ಲ, ಯಾರೂ ಬೇಜಾರೂ ಮಾಡಿಕೊಳ್ಳಲ್ಲ.

ಖರೇ ಅನ್ನೋದು ಮಾತಿಗೆ ಸೇರಿದ್ದು. ಖಾತ್ರಿ ಅನ್ನೋದು ಕೇಳಿದವನ ಮನಸ್ಸಿಗೆ ಸೇರಿದ್ದು.

ಪದದ ಬೇರೂ ಅದೇ ಹೇಳುತ್ತದೆ. ಖಾತ್ರಿ, ಖಾತರಿ ಎರಡೂ ಬಳಕೆಯಲ್ಲಿವೆ. ಮೂಲ ಅರಬ್ಬಿಯ 'ಖಾತಿರ್'. ಅಲ್ಲಿ ಅದಕ್ಕೆ ಮನಸ್ಸು, ಮನಸ್ಸಿನಲ್ಲಿ ಬಂದ ವಿಚಾರ ಅನ್ನೋ ಅರ್ಥ. ಪಾರ್ಸಿ, ಮರಾಠಿ ದಾಟಿ ನಮ್ಮ ಬಾಯಿಗೆ ಬಂತು. ಹಿಂದಿಯವರು ಅತಿಥಿಯನ್ನು ಚೆನ್ನಾಗಿ ನೋಡಿಕೊಳ್ಳೋದಕ್ಕೆ 'ಖಾತಿರ್‌ದಾರಿ' ಅಂತಾರಲ್ಲ, ಅದೂ ಇದರ ದಾಯಾದಿಯೇ. 1956ರವರೆಗೆ ಬೆಳಗಾವಿ, ವಿಜಯಪುರ ಎರಡೂ ಮುಂಬೈ ಆಡಳಿತದಲ್ಲಿದ್ದವು, ಬಾಗಲಕೋಟೆ ಆಗ ವಿಜಯಪುರದೊಳಗೇ ಇತ್ತು. ಹಾಗಾಗಿ ಕಚೇರಿಯ ಮಾತೆಲ್ಲ ಆ ಕಡೆಯಿಂದ ಬಂದದ್ದು. ಪಹಣಿಗೆ ನಾವು ಇವತ್ತಿಗೂ ಉತಾರ ಅಂತೀವಿ, ಊರಿನ ಲೆಕ್ಕಿಗರಿಗೆ ತಲಾಟಿ ಅಂತೀವಿ. ಖಾತ್ರಿಯೂ ಅದೇ ದಾರಿಯಲ್ಲಿ ಬಂದು ಮನೆಯವರಂತೆ ಕೂತುಬಿಟ್ಟಿದೆ.

ನನಗೆ ಈ ಪದದ ಮೇಲೆ ಪ್ರೀತಿ ಹುಟ್ಟಿದ್ದು ಅದರ ಜೊತೆ ಬರುವ ಕ್ರಿಯಾಪದ ನೋಡಿ. ಸರ್ಕಾರ ಯಾವಾಗಲೂ ಖಾತ್ರಿ 'ಕೊಡುತ್ತದೆ'. ಜನ ಖಾತ್ರಿ 'ಮಾಡಿಕೊಳ್ಳುತ್ತಾರೆ'. ಮಂತ್ರಿ ವೇದಿಕೆ ಮೇಲೆ ನಿಂತು ಕೊಟ್ಟ ಖಾತ್ರಿ ಕೆಳಗೆ ಕೂತವನಿಗೆ ತಾನಾಗಿಯೇ ತಲುಪಲ್ಲ, ಅವನು ಎದ್ದು ಹೋಗಿ, ನಾಲ್ಕು ಕಡೆ ಕೇಳಿ, ಕಣ್ಣಾರೆ ಕಂಡು, ಆಮೇಲೆ ಅದನ್ನು ತನ್ನದು ಮಾಡಿಕೊಳ್ಳಬೇಕು. ಸರ್ಕಾರದ ಮಾತನ್ನು ಜನ ಯಾಕೆ ನಂಬುತ್ತಾರೆ, ಯಾಕೆ ಅನುಮಾನ ಪಡುತ್ತಾರೆ ಅನ್ನೋದೆಲ್ಲ ಈ ಎರಡು ಕ್ರಿಯಾಪದಗಳ ನಡುವೆ ನಡೆಯುವ ಕತೆ.

ಚಿಕ್ಕೋಡಿ ಕಡೆ, ಕೃಷ್ಣಾ ದಂಡೆಯ ಮೇಲೆ ನಮ್ಮ ಕಾಕಾ ಇದ್ದಾರೆ. ಜುಲೈ ಬಂತೆಂದರೆ ಅವರ ದಿನ ಹೇಗೆ ಶುರುವಾಗುತ್ತದೆ ಗೊತ್ತಾ? ಮೊದಲು ಮೊಬೈಲಿನಲ್ಲಿ ಜಿಲ್ಲಾಡಳಿತದ ಸಂದೇಶ: ರಾಜಾಪುರ ಬ್ಯಾರೇಜಿನಿಂದ ಇಷ್ಟು ಕ್ಯೂಸೆಕ್, ದೂಧಗಂಗೆಯಿಂದ ಇಷ್ಟು, ಕಲ್ಲೋಳದ ಹತ್ತಿರ ಒಟ್ಟು ಇಷ್ಟು, ಜನರು ಆತಂಕ ಪಡಬೇಕಾಗಿಲ್ಲ. ಓದುತ್ತಾರೆ. 'ಹ್ಞೂಂ' ಅಂತಾರೆ. ಆಮೇಲೆ ಕುರುಂದವಾಡದಲ್ಲಿರುವ ಅಳಿಯನಿಗೆ ಫೋನು. 'ವಾಡಿಯಾಗ ನೀರ ಗುಡಿಯೊಳಗ ಬಂತೇನೋ?' ವಾಡಿ ಅಂದರೆ ನರಸೋಬಾವಾಡಿ. ಅಲ್ಲಿ ಪಂಚಗಂಗೆ ಬಂದು ಕೃಷ್ಣೆಗೆ ಸೇರುತ್ತದೆ. ದತ್ತನ ಗುಡಿ ನೀರಿಗೆ ಹೊಂದಿಕೊಂಡೇ ಇದೆ. ನೀರು ಪಾದುಕೆಗಳ ಮೇಲೆ ಹರಿದು ದಕ್ಷಿಣ ಬಾಗಿಲಿನಿಂದ ಹೊರಬಿದ್ದರೆ ಅಲ್ಲಿನವರಿಗೆ ಅದು ಪುಣ್ಯದ ಗಳಿಗೆ, ಹೋಗಿ ಸ್ನಾನ ಮಾಡುತ್ತಾರೆ. ಕೆಳಗಿರುವ ನಮ್ಮವರಿಗೆ ಮಾತ್ರ ಗಂಟು ಮೂಟೆ ಕಟ್ಟುವ ಗಳಿಗೆ. ಮೂರನೆಯದಾಗಿ ಹಾಲು ತರುವ ಹುಡುಗನನ್ನು ಕೇಳುತ್ತಾರೆ, ಕಲ್ಲೋಳ ಯಡೂರ ನಡುವಿನ ಸೇತುವೆ ಮುಳುಗಿತೋ ಇಲ್ವೋ ಅಂತ. ಕೊನೆಗೆ ತಾವೇ ಚಪ್ಪಲಿ ಮೆಟ್ಟಿ ಹೊಳೆಗೆ ಹೋಗಿ ಘಾಟಿನ ಮೆಟ್ಟಿಲು ಎಣಿಸುತ್ತಾರೆ. ನಿನ್ನೆ ಏಳು ಮೆಟ್ಟಿಲು ಒಣಗಿದ್ದವು. ಇವತ್ತು ನಾಲ್ಕು.

ಇಷ್ಟಾದ ಮೇಲೆ ಮನೆಗೆ ಬಂದು, 'ಖಾತ್ರಿ ಆತು' ಅಂತಾರೆ.

ಕಾಕಾ ಸರ್ಕಾರವನ್ನು ನಂಬುವುದಿಲ್ಲ ಅಂತೀರಾ? ನಾನು ಹಾಗನ್ನಲ್ಲ. ನಂಬದಿದ್ದರೆ ಆ ಸಂದೇಶವನ್ನು ಓದುತ್ತಲೇ ಇರಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ನಮ್ಮ ಹಿರಿಯರೇ ಹೇಳಿಟ್ಟಿದ್ದಾರೆ. ಗಮನಿಸಬೇಕಾದ್ದು ಏನಂದರೆ, ಆ ಸಂದೇಶದಲ್ಲಿ ಕಾಕಾ ತೆಗೆದುಕೊಳ್ಳೋದು ಕ್ಯೂಸೆಕ್ ಮಾತ್ರ. ಯಾಕಂದರೆ ಅದನ್ನು ಮೆಟ್ಟಿಲ ಜೊತೆ ತಾಳೆ ಹಾಕಬಹುದು. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಸುಮಾರು 28 ಲೀಟರು. ಕಾಕಾಗೆ ಈ ಲೆಕ್ಕ ಬೇಕಿಲ್ಲ, ಎಷ್ಟು ಕ್ಯೂಸೆಕ್ ಬಂದರೆ ಯಾವ ಮೆಟ್ಟಿಲು ಮುಳುಗುತ್ತದೆ ಅನ್ನೋದು ಅವರ ತಲೆಯಲ್ಲಿ ಅಚ್ಚಾಗಿದೆ. 'ಆತಂಕ ಬೇಡ' ಅನ್ನೋ ಸಾಲನ್ನು ಯಾವುದರ ಜೊತೆ ತಾಳೆ ಹಾಕೋದು? 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆಯಲ್ಲಿ ಊರಿಗೆ ಊರೇ ನೀರಲ್ಲಿ ನಿಂತಿದ್ದನ್ನು ಕಂಡವರಿಗೆ ಆ ಮಾತು ಕಿವಿಯ ಪಕ್ಕದಲ್ಲಿ ಹಾದು ಹೋಗುತ್ತದೆ ಅಷ್ಟೇ. ಆತಂಕ ಪಡುವ ದಿನ 'ಈಗ ಆತಂಕ ಪಡಿ, ಎದ್ದು ಹೊರಡಿ' ಅಂತ ತಾನೇ ಮೊದಲು ಹೇಳಿದ ಆಡಳಿತದ ಬಾಯಲ್ಲಿ ಮಾತ್ರ 'ಆತಂಕ ಬೇಡ' ಅನ್ನೋದಕ್ಕೆ ಬೆಲೆ ಬರುತ್ತದೆ.

ಕೆಟ್ಟ ಸುದ್ದಿಯನ್ನು ತಾನೇ ಮುಂದೆ ಬಂದು ಹೇಳೋದು. ಇದು ಸರ್ಕಾರಗಳಿಗೆ ಯಾಕೋ ಒಗ್ಗಲ್ಲ.

ಇನ್ನು ಈ ಪದವನ್ನೇ ಹೆಸರಲ್ಲಿ ಹೊತ್ತ ಯೋಜನೆ ಇದೆಯಲ್ಲ, ಉದ್ಯೋಗ ಖಾತ್ರಿ. ನಮ್ಮ ಹಳ್ಳಿಗಳಲ್ಲಿ ಕೆಲಸಕ್ಕೇ 'ಖಾತ್ರಿ' ಅಂತ ಹೆಸರು ಬಿದ್ದುಹೋಗಿದೆ, 'ಅಕ್ಕ ಎಲ್ಲಿಗೆ ಹೋಗ್ಯಾಳ?' ಅಂದರೆ 'ಖಾತ್ರಿಗೆ ಹೋಗ್ಯಾಳ' ಅಂತಾರೆ. 2005ರ ಕಾಯ್ದೆ ಬರೆದವರು ಬುದ್ಧಿವಂತರು. ವರ್ಷಕ್ಕೆ ಮನೆಯೊಂದಕ್ಕೆ 100 ದಿನ ಕೆಲಸ ಅಂತ ಬರೆದು ಸುಮ್ನೆ ಕೂರಲಿಲ್ಲ. ಅರ್ಜಿ ಕೊಟ್ಟು 15 ದಿನದೊಳಗೆ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು ಅಂದರು. ಅರ್ಜಿಗೆ ದಿನಾಂಕ ಹಾಕಿದ ರಸೀದಿ ಕೊಡಬೇಕು ಅಂದರು. ಈ ರಸೀದಿ ನೋಡೋಕೆ ಚಿಕ್ಕ ಚೀಟಿ, ಆದರೆ ಇಡೀ ಖಾತ್ರಿ ನೇತಾಡೋದು ಅದರ ಮೇಲೇ. ಅದು ಕೈಯಲ್ಲಿಲ್ಲ ಅಂದರೆ 15 ದಿನ ಎಲ್ಲಿಂದ ಎಣಿಸುತ್ತೀರಿ? ಭತ್ಯೆ ಕೇಳೋಕೆ ಹೋದರೆ 'ನೀವು ಅರ್ಜಿ ಕೊಟ್ಟಿದ್ದು ಯಾವಾಗ?' ಅಂತಾರೆ, ಕತೆ ಅಲ್ಲಿಗೆ ಮುಗಿಯಿತು.

ಅದೇ ಕಾಯ್ದೆಯಲ್ಲಿ ಗ್ರಾಮಸಭೆಯೇ ಲೆಕ್ಕ ನೋಡುವ ಸಾಮಾಜಿಕ ಪರಿಶೋಧನೆಯನ್ನೂ ಇಟ್ಟರು. ನಾನು ಒಂದು ಸಭೆಗೆ ಹೋಗಿದ್ದೆ. ಊರಿನ ಹೆಸರು ಬೇಡ. ಕೂಲಿ ಪಡೆದವರ ಹೆಸರು ಒಂದೊಂದಾಗಿ ಓದುತ್ತಿದ್ದರು, ಅರ್ಧ ಜನ ತೂಕಡಿಸುತ್ತಿದ್ದರು. ಒಂದು ಹೆಸರು ಬಂತು. ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ, 'ಯಪ್ಪಾ, ಅವ ಗೋವಾಕ್ಕ ದುಡಿಯಾಕ ಹೋಗಿ ವರ್ಷ ಆತಲ್ಲೋ, ಗುಂಡಿ ಯಾವಾಗ ತೋಡಿದ?' ಅಂದಳು. ಒಂದೇ ಸಲ ಎಲ್ಲರಿಗೂ ಎಚ್ಚರ. ಓದುತ್ತಿದ್ದವರು ಕನ್ನಡಕ ತೆಗೆದು ಒರೆಸಿಕೊಂಡರು. ಕಾಗದದ ಪ್ರಕಾರ ಆ ಹೆಸರು ಸರಿಯಾಗಿಯೇ ಇತ್ತು, ಸಹಿ ಇತ್ತು, ದಿನ ಇತ್ತು. ಅಜ್ಜಿಗೆ ಮಾತ್ರ ಖಾತ್ರಿ ಆಗಲಿಲ್ಲ.

ಗ್ಯಾರಂಟಿ ಪದಕ್ಕೂ ಇದಕ್ಕೂ ಏನು ಸಂಬಂಧ ಅಂತ ಕೇಳುತ್ತೀರಿ, ಗೊತ್ತು. ನಿಘಂಟು ನೋಡಿದರೆ ಒಂದೇ ಅರ್ಥ. 2023ರ ನಂತರ ಆ ಪದಕ್ಕೆ ಕರ್ನಾಟಕದಲ್ಲಿ ರಾಜಕೀಯದ ಬಣ್ಣ ಬಂದಿದೆ, ಅದು ಬೇರೆ ವಿಷಯ, ಪಕ್ಷದ ಜಗಳಕ್ಕೆ ನಾನು ಬರಲ್ಲ. ಆದರೆ ಒಂದು ಗಮನಿಸಿ. 2023ರ ಜೂನ್ 11ರಂದು ಹೆಂಗಸರಿಗೆ ಬಸ್ ಫ್ರೀ ಆಯಿತು. ಅದು ಖಾತ್ರಿ ಆಗೋಕೆ ಎಷ್ಟು ಹೊತ್ತು ಬೇಕಾಯ್ತು? ಬಸ್ ಹತ್ತಿ, ಕಂಡಕ್ಟರ್ ಶೂನ್ಯ ರೂಪಾಯಿ ಟಿಕೆಟ್ ಹರಿದು ಕೊಡುವಷ್ಟು. ನಮ್ಮ ಅವ್ವ ಮೊದಲ ಸಲ ಗೋಕಾಕಕ್ಕೆ ಹೋಗುವಾಗ ಸೆರಗಿನ ಗಂಟಲ್ಲಿ ದುಡ್ಡು ಇಟ್ಟುಕೊಂಡೇ ಹೋಗಿದ್ದಳು, ಬರುವಾಗ ಆ ಟಿಕೆಟ್ಟನ್ನು ಅದೇ ಗಂಟಲ್ಲಿ ಕಟ್ಟಿಕೊಂಡು ಬಂದಳು. ಗೃಹಲಕ್ಷ್ಮಿಯ 2000 ರೂಪಾಯಿ ಹಾಗಲ್ಲ. ಅದು ಬ್ಯಾಂಕಿಗೆ ಬರಬೇಕು, ಮೆಸೇಜು ಬರಬೇಕು. ಬಾವಿಕಟ್ಟೆಯ ಹತ್ತಿರ 'ನಿಂದು ಜಮಾ ಆತೇನು?' ಅನ್ನೋ ಪ್ರಶ್ನೆ ಪ್ರತಿ ಸಲ ಹೊಸದಾಗಿ ಏಳುತ್ತದೆ. ಎರಡೂ ಒಂದೇ ಸರ್ಕಾರದ ಮಾತು. ಕೈಗೆ ಸಿಗುವ ದೂರ ಬೇರೆ ಬೇರೆ.

ಬಾಗಲಕೋಟೆ ಕಡೆಯವರನ್ನು ಕೇಳಿದರೆ ಈ ಪದದ ಕಹಿಯೂ ಗೊತ್ತಾಗುತ್ತದೆ. ಆಲಮಟ್ಟಿಗೆ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ್ದು 1964ರಲ್ಲಿ. ಹಿನ್ನೀರಿನಲ್ಲಿ ಹಳೇ ಬಾಗಲಕೋಟೆಯ ಭಾಗ ಮುಳುಗಿ ನವನಗರ ಎದ್ದಿತು. ಈಗ ನೀರು ನಿಲ್ಲಿಸುವುದು 519.60 ಮೀಟರ್‌ವರೆಗೆ. 2010ರ ಡಿಸೆಂಬರ್‌ನಲ್ಲಿ ಎರಡನೇ ಕೃಷ್ಣಾ ನ್ಯಾಯಮಂಡಳಿ 524.256 ಮೀಟರ್‌ಗೆ ಏರಿಸಬಹುದು ಅಂತ ತೀರ್ಪು ಕೊಟ್ಟಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು, ಅಧಿಸೂಚನೆ ನಿಂತಿತು. ಮುಳುಗಡೆ ಪಟ್ಟಿಯಲ್ಲಿರುವ ಊರಿನವರಿಗೆ 524 ಅನ್ನೋ ಅಂಕಿ ಮಗ್ಗಿಯಷ್ಟೇ ಬಾಯಿಪಾಠ. ಮುಳುಗುವ ಮನೆಗೆ ಹೊಸ ಮಾಳಿಗೆ ಯಾಕೆ ಹಾಕಿಸಬೇಕು? ಹೊಲದಲ್ಲಿ ಮಾವಿನ ಗಿಡ ಯಾಕೆ ಹಚ್ಚಬೇಕು? ಬಿಟ್ಟು ಹೋಗೋಣ ಅಂದರೆ ಪರಿಹಾರ ಕೈ ಸೇರಿಲ್ಲ. ಬಂದ ಬಂದ ಸರ್ಕಾರಗಳೆಲ್ಲ 'ಏರಿಸಿಯೇ ತೀರುತ್ತೇವೆ' ಅಂದವು. ಅವು ಸುಳ್ಳು ಹೇಳಿದವು ಅಂತ ನಾನು ಹೇಳಲ್ಲ. ಮನಸ್ಸು ಇದ್ದಿರಬಹುದು. ಆದರೆ ಕೋರ್ಟು, ಪಕ್ಕದ ರಾಜ್ಯ, ದಿಲ್ಲಿ, ಖಜಾನೆ, ಇಷ್ಟೂ ಒಂದೇ ಸಾಲಿಗೆ ಬರಬೇಕಲ್ಲ. ಮಾತು ಖರೇ, ಖಾತ್ರಿ ಇಲ್ಲ. ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಗಲಿಲ್ಲ.

ನನ್ನದೇ ಒಂದು ಅನುಭವ ಹೇಳಿಬಿಡುತ್ತೇನೆ. ಉತಾರದಲ್ಲಿ ಒಂದು ಹೆಸರು ತಪ್ಪಾಗಿತ್ತು. ಒಂದು ಕಚೇರಿಗೆ ಮೂರು ಸಲ ಹೋದೆ. ಮೂರೂ ಸಲ ಒಂದೇ ಉತ್ತರ: 'ಆಕ್ಕೈತಿ ಹೋಗ್ರಿ.' ನಡುವೆ ಒಂದು ಸಲ 'ಸರ್ವರ್ ಇಲ್ರಿ'. ಈ ಸರ್ವರ್ ಮಾತನ್ನು ಖಾತ್ರಿ ಮಾಡಿಕೊಳ್ಳೋಕೆ ನಮ್ಮ ಜನ ಒಂದು ಉಪಾಯ ಕಂಡುಕೊಂಡಿದ್ದಾರೆ. ಪಕ್ಕದ ಕೌಂಟರಿಗೆ ಹೋಗಿ ಅಲ್ಲಿ ಬೇರೆಯವರ ಕಾಗದ ಪ್ರಿಂಟ್ ಆಗುತ್ತಿದೆಯಾ ನೋಡೋದು! ನಾಲ್ಕನೇ ಸಲ ನಾನು ಜಗಳ ಆಡಲಿಲ್ಲ, 'ಸಕಾಲ ನಂಬರ್ ಕೊಡ್ರಿ' ಅಂದೆ ಅಷ್ಟೇ. 2012ರಲ್ಲಿ ಶುರುವಾದ ಸಕಾಲದಲ್ಲಿ ಅರ್ಜಿಗೆ 15 ಅಂಕಿಯ ಸಂಖ್ಯೆ ಕೊಡುತ್ತಾರೆ, ಕೆಲಸಕ್ಕೆ ಗಡುವು ಇರುತ್ತದೆ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು. ಆ 20 ರೂಪಾಯಿ ಯಾರಿಗೆ ಬೇಕು ಬಿಡಿ. ಆದರೆ ಆ ನಂಬರು ಮೊಬೈಲಿಗೆ ಬಂದ ಕ್ಷಣ 'ಆಕ್ಕೈತಿ' ಅನ್ನೋ ಮಾತಿಗೆ ಒಂದು ತಾರೀಖು ಹುಟ್ಟಿತು. ಮಾಹಿತಿ ಹಕ್ಕಿನ ಅರ್ಜಿಯೂ ಹೀಗೇ. 10 ರೂಪಾಯಿ ಕಟ್ಟಿ ಕೇಳಿದರೆ 30 ದಿನದಲ್ಲಿ ಉತ್ತರ ಕೊಡಬೇಕು. ಉತ್ತರ ಬಾರದಿದ್ದರೂ ಏನೋ ಒಂದು ಗೊತ್ತಾಗುತ್ತದೆ.

ಹಾಗಂತ ಎಲ್ಲದಕ್ಕೂ 'ಅದೆಲ್ಲ ಸುಳ್ಳ ಬಿಡ್ರಿ' ಅನ್ನುವವರನ್ನು ನಾನು ಈ ಪದದ ಲೆಕ್ಕಕ್ಕೆ ಸೇರಿಸಲ್ಲ. ಅವರು ಖಾತ್ರಿ ಮಾಡಿಕೊಂಡವರಲ್ಲ, ಮಾಡಿಕೊಳ್ಳುವ ಕೆಲಸ ಉಳಿಸಿಕೊಂಡವರು. ಕಣ್ಣು ಮುಚ್ಚಿ ನಂಬುವವರೂ ಅಷ್ಟೇ ಸೋಮಾರಿಗಳು. ಮಜಾ ಏನಂದರೆ, ಕಚೇರಿಯ ಒಂದು ಮಾತನ್ನೂ ನಂಬದವರೇ ಮಳೆಗಾಲದಲ್ಲಿ 'ಮ್ಯಾಲಿನ ಡ್ಯಾಮ್ ಒಡದೈತಂತ' ಅನ್ನೋ ವಾಟ್ಸಾಪ್ ಆಡಿಯೋವನ್ನು, ಅದರಲ್ಲಿ ಮಾತಾಡಿದವರು ಯಾರು ಅಂತ ಕೂಡ ಕೇಳದೆ, ಹತ್ತು ಗುಂಪಿಗೆ ಕಳಿಸುತ್ತಾರೆ.

ಹೋದ ಮಳೆಗಾಲದಲ್ಲಿ ನೀರು ಏರುತ್ತಿದ್ದ ದಿನ ಜಿಲ್ಲಾಡಳಿತದ ಸಂದೇಶವನ್ನು ನಾನೇ ಕಾಕಾಗೆ ಕಳಿಸಿದೆ. ಒಂದು ತಾಸು ಉತ್ತರ ಇಲ್ಲ. ಆಮೇಲೆ ಒಂದು ಫೋಟೋ ಬಂತು: ಒದ್ದೆ ಘಾಟು, ಕೆಂಪು ನೀರು, ಮೂಲೆಯಲ್ಲಿ ಅವರ ಚಪ್ಪಲಿಯ ತುದಿ. ಹಿಂದೆಯೇ ಫೋನು ಮಾಡಿದರು. 'ಎರಡ ಮೆಟ್ಟಲ ಉಳದಾವ ನೋಡ. ಈ ಸರ್ತಿ ಸಾಹೇಬ್ರು ಖರೇ ಹೇಳ್ಯಾರ.'

ಎಮ್ಮೆಗಳನ್ನು ಮಾತ್ರ ಹಿಂದಿನ ರಾತ್ರಿಯೇ ಬೀಗರ ಊರಿಗೆ ಸಾಗಿಸಿಬಿಟ್ಟಿದ್ದರು.